ಖಾಲಿ ಸರದಿ

ಕಿಲೋಮೀಟರಿಗೆ ಐದು ಮೈಕ್ರೊಸೆಕೆಂಡು.
ಗಾಜಿನೊಳಗೆ ಬೆಳಕು ಅದಕ್ಕಿಂತ ಬೇಗ ಓಡದು,
ಬೈದರೂ ಓಡದು, ಎಂದೆ ಒಲೆಗಾರಿಯೊಗೆ.
ಅವನು ಅಕಾರ್ಡಿಯನ್ನನ್ನು ಹೆಗಲಿನಿಂದ ಇಳಿಸದೆಯೇ ಕೇಳಿದ:
"ಮತ್ತೆ ಬಾವ್ದಿಲಿಯೊನ ಡೋಲು
ನನ್ನ ಹಿಂದೆ ಕುಂಟುತ್ತಿದೆಯಲ್ಲ,
ಅದು ಯಾರ ಕಾಲು?"

ಬಾವ್ದಿಲಿಯೊ ಇರುವುದು ಪುಂತಾ ಅರೇನಸ್‌ನಲ್ಲಿ,
ಕುರಿಮಾಂಸದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ.
ಎಳೆಯ ಉದ್ದ ಸಾವಿರದಾರುನೂರು ಕಿಲೋಮೀಟರು ಎನ್ನಿ,
ಎಂಟು ಮಿಲಿಸೆಕೆಂಡು.
ಅಷ್ಟು ತಡವನ್ನು ವಾಲ್ಟ್ಜ್ ನುಂಗಿಕೊಳ್ಳುತ್ತದೆ.
ನಾನು ಅಳೆದಾಗ ಸಿಕ್ಕಿದ್ದು ಐವತ್ತೆರಡು.

ಅಚಾವೊದ ಈ ಬೀದಿಗೆಲ್ಲ ಒಂದೇ ಎಳೆ.
ಕಂಬದ ಮೇಲಿನ ಡಬ್ಬಿಯಲ್ಲಿ ಅದು ಮೂವತ್ತೆರಡು ಸೀಳು.
ಬರುವ ಬೆಳಕು ಎಲ್ಲರ ಬಾಗಿಲಿಗೂ ಬರುತ್ತದೆ,
ತನ್ನ ಪಾಲು ಹೆಕ್ಕಿ, ಉಳಿದುದಕ್ಕೆ ಕಿವುಡಾಗಬೇಕು.
ಹೋಗುವ ಬೆಳಕಿಗೆ ಮಾತ್ರ ಸರದಿ:
ಒಂದು ಮನೆ ಬೆಳಗುವಾಗ
ಮೂವತ್ತೊಂದು ಮನೆ ಕತ್ತಲು.
ಒಬ್ಬರ ಮಾತಿನ ಬಾಲ ಇನ್ನೊಬ್ಬರ ಮೂತಿಗೆ ತಾಗದಂತೆ
ನಡುವೆ ಒಂದು ಚೂರು ಮೌನ.
ಎಷ್ಟಿದೆ ನಿನ್ನ ಬಳಿ? ಕೇಳುತ್ತದೆ ಕೇಂದ್ರದ ಯಂತ್ರ.
ಇಷ್ಟಿದೆ, ಅನ್ನುತ್ತದೆ ಮನೆಯ ಪೆಟ್ಟಿಗೆ.
ತಾಳು.

ತಾಳು ಅನ್ನುವುದರಲ್ಲೇ ಎಲ್ಲ ಇದೆ.

ಮಿಂಗಾ ನೋಡಿದ್ದೀಯಲ್ಲ, ಎಂದೆ.
ಇಡೀ ಮನೆಯನ್ನೇ ಬುಡದಿಂದ ಎಬ್ಬಿಸಿ,
ಎತ್ತು ಕಟ್ಟಿ, ಊರೆಲ್ಲ ಸೇರಿ ಎಳೆಯುವಾಗ
ಅದರ ಹಿಂದೆ ಸೈಕಲ್ಲಿನಲ್ಲಿ ಒಂದು ಹುಡುಗಿ,
ಬುಟ್ಟಿಯಲ್ಲಿ ನಾಲ್ಕೇ ಮೊಟ್ಟೆ.
ರಸ್ತೆ ಅವಳದೂ ಹೌದು.
ಆದರೆ ಕಿಟಕಿ, ಚಿಮಣಿ, ಹೊಸ್ತಿಲು ಸಮೇತ
ಮನೆ ಮುಗಿಯುವ ತನಕ ಅವಳು ಒಂದು ಕಾಲು ನೆಲಕ್ಕೂರಿ ನಿಲ್ಲಬೇಕು.
ಹಾಗೆ, ನಿನ್ನದೇ ಮನೆಯಿಂದ ನಿನ್ನ ತಂಗಿ
ಮದುವೆಯ ವಿಡಿಯೊ ಏರಿಸುತ್ತಿದ್ದಾಳೆ:
ಸಾವಿರದೈನೂರು ಬೈಟಿನ ಒಂದೊಂದು ಪ್ಯಾಕೆಟ್ಟೂ ಒಂದೊಂದು ಮನೆ.
ನಿನ್ನ ಸ್ವರ ಮೊಟ್ಟೆ ಹಿಡಿದು ನಿಂತಿದೆ.

"ಸರಿ, ನನ್ನದನ್ನೂ ದೊಡ್ಡದು ಮಾಡು."
ಮಾಡಿದೆ. ಇನ್ನೂ ಕೆಟ್ಟಿತು.
ಇಪ್ಪತ್ತೊಂದು ಮಿಲಿಸೆಕೆಂಡಿನ ಸಂಗೀತ ತುಂಬುವ ತನಕ
ಪ್ಯಾಕೆಟ್ಟು ದಡ ಬಿಡುವುದಿಲ್ಲ,
ದಾಲ್ಕಾವೆಯ ದೋಣಿಗಾರನಂತೆ:
ಇನ್ನೊಬ್ಬರು ಬರಲಿ, ಇನ್ನೊಬ್ಬರು.
ತೀರಾ ಚಿಕ್ಕದು ಮಾಡಿದೆ.
ಆಗ ಪ್ರತಿ ತುಣುಕಿಗೂ ಒಂದು ಲಕೋಟೆ, ವಿಳಾಸ, ಮುದ್ರೆ;
ಕಾಗದದ ಭಾರವೇ ಹೆಚ್ಚು, ಒಳಗೆ ಅರ್ಧ ನಿಟ್ಟುಸಿರು.

ಹನ್ನೊಂದು ಭಾನುವಾರ ಹೀಗೇ ಕಳೆಯಿತು.
ಅವನು ಚಹಾ ಕೊಡುವುದನ್ನು ನಿಲ್ಲಿಸಿದ,
ಆಮೇಲೆ ಮತ್ತೆ ಕೊಡತೊಡಗಿದ.

ಕೊನೆಗೆ ನಾನು ಮಾಡಿದ್ದು ಕಂಪನಿಯ ಕಡತದಲ್ಲಿ ಇಲ್ಲ.
ನಡುಗಾತ್ರದ ಪ್ಯಾಕೆಟ್ಟು. ತಂಗಿಯ ವಿಡಿಯೊ ಹಿಂದಿನ ಸಾಲಿಗೆ.
ಮತ್ತೆ, ಕೇಳದೆಯೇ ಕೊಡುವ ಒಂದು ಪಾಲು:
ಪ್ರತಿ ಸುತ್ತಿನಲ್ಲೂ, ಒಲೆಗಾರಿಯೊಗೆ,
ಒಂದು ಸಣ್ಣ ಕುರ್ಚಿ ಖಾಯಂ.
ಹದಿನೇಳು ಮಿಲಿಸೆಕೆಂಡಿಗೆ ಇಳಿಯಿತು.
ಅವರು ನುಡಿಸಿದರು. ಡೋಲು ಕುಂಟಲಿಲ್ಲ,
ಸ್ವಲ್ಪ ಕುಡಿದವರಂತೆ ನಡೆಯಿತು, ಅಷ್ಟೆ.
"ಬಾವ್ದಿಲಿಯೊ ಎದುರಿಗಿದ್ದಾಗಲೂ ಹೀಗೇ" ಅಂದ ಒಲೆಗಾರಿಯೊ.

ಸೋಮವಾರ ಇರ್ಮಾ ಬಾಮೊಂದೆ ಫೋನು ಮಾಡಿದಳು:
ಹೊಲಿಗೆಯ ಪಾಠ ಹೇಳುವಾಗ ನನ್ನ ಕೈ
ಪರದೆಯ ಮೇಲೆ ತಡವರಿಸುತ್ತದೆ,
ಏನಾದರೂ ಮುಟ್ಟಿದೆಯಾ ಎದೆಲ್ಮಿರಾ?
ಇಲ್ಲ, ಎಂದೆ. ನಾಲಗೆ ತಡವರಿಸಲಿಲ್ಲ.
ಇದ್ದದ್ದು ಒಂದೇ ರೊಟ್ಟಿ.
ಒಬ್ಬನ ತಟ್ಟೆಗೆ ಬಿದ್ದ ಚೂರು
ಯಾರದೋ ತಟ್ಟೆಯಿಂದಲೇ ಎದ್ದದ್ದು.

ತೆಗೆಯಬೇಕು ಅದನ್ನು. ನಾಳೆ ತೆಗೆಯುತ್ತೇನೆ.

ಈಗ ರಾತ್ರಿ ಎರಡು. ಬೀದಿಯಲ್ಲಿ ನಾಯಿಯೂ ಇಲ್ಲ.
ಅಕಾರ್ಡಿಯನ್ನು ಪೆಟ್ಟಿಗೆಯೊಳಗೆ, ಉಸಿರು ಮಡಚಿಕೊಂಡು.
ನನ್ನ ಪರದೆಯ ಮೇಲೆ ಸೆಕೆಂಡಿಗೆ ಸಾವಿರ ಸಲ
ಬೆಳಕಿನ ಸರದಿ ಒಲೆಗಾರಿಯೊನ ಬಾಗಿಲಿಗೆ ಬಂದು
ಒಂದಿಷ್ಟು ಹೊತ್ತು ನಿಂತು,
ಅವನು ಏನೂ ಹೇಳದ್ದನ್ನು ಪೂರ್ತಿ ಕೇಳಿಸಿಕೊಂಡು
ಮುಂದಿನ ಮನೆಗೆ ಹೋಗುತ್ತಿದೆ.